ಕಾಲಿಂಚಿನ ಬೋಲ್ಟ್‌ ಕಲಿಸಿದ ಪಾಠ

ಡಿಗ್ರಿ ಮುಗಿದು ಎಂಟು ತಿಂಗಳಾಗಿತ್ತು. ಕೆಲಸಕ್ಕೆ ಅರ್ಜಿ ಹಾಕುತ್ತಲೇ ನಾವು ನಾಲ್ವರು ಗೆಳೆಯರು ತಿಪಟೂರಿನಲ್ಲಿ ಒಂದು ಕಿರುಚಿತ್ರ ಮಾಡಲು ಹೊರಟೆವು. ಕಥೆ ಇತ್ತು, ನಟಿಸುವವರಿದ್ದರು, ಮೊಬೈಲ್‌ ಇತ್ತು. ಮೊದಲ ದಿನದ ಶೂಟಿಂಗ್‌ ಮುಗಿಸಿ ನೋಡಿದರೆ ಪ್ರತಿ ಶಾಟೂ ಚಳಿ ಜ್ವರ ಬಂದಂತೆ ನಡುಗುತ್ತಿತ್ತು. ‘ಗಿಂಬಲ್‌ ಇಲ್ಲದೆ ಆಗಲ್ಲ ಮಗಾ’ ಎಂದರು ಗೆಳೆಯರು. ನಾವು ಮೆಚ್ಚಿದ ಗಿಂಬಲ್‌ಗೆ ಹನ್ನೆರಡು ಸಾವಿರ!

ಅಮ್ಮನ ಮುಂದೆ ನಿಂತೆ. ಚೀಟಿ ಕಟ್ಟಲು ಎತ್ತಿಟ್ಟಿದ್ದ ಐದು ಸಾವಿರ ಕೊಟ್ಟು, ‘ಮುಂದಿನ ಕಂತಿನೊಳಗೆ ವಾಪಸ್‌ ಕೊಡ್ಬೇಕು ಕಣೋ’ ಎಂದರು.

ಆ ದುಡ್ಡಿಗೆ ಗಿಂಬಲ್‌ ಬರುವುದಿಲ್ಲ. ಹುಡುಕಿದಾಗ ಸಿಕ್ಕಿದ್ದು ಕೇಜ್‌. ಮೊಬೈಲನ್ನು ಬಿಗಿಯಾಗಿ ಹಿಡಿದಿಡುವ ಲೋಹದ ಚೌಕಟ್ಟು ಅದು. ಅದರ ತುಂಬ ತೂತುಗಳು. ಬೇಕಾದ ಕಡೆ ಹಿಡಿಕೆ, ಮೈಕ್‌, ಲೈಟ್‌ ಸೇರಿಸಬಹುದು, ಬೇಡವಾದರೆ ಬಿಚ್ಚಬಹುದು. ಹಿಡಿಕೆಸಹಿತ ಕೇಜ್‌ 2,200, ಮೈಕ್‌ 1,600, ಪುಟ್ಟ ಎಲ್‌ಇಡಿ ಲೈಟ್‌ 900 ರೂಪಾಯಿ.

ಬರೀ ಮೊಬೈಲ್‌ ಹಗುರ. ಮಣಿಕಟ್ಟಿನ ಸಣ್ಣ ಅಲುಗಾಟವೂ ಚಿತ್ರದಲ್ಲಿ ಕಾಣುತ್ತದೆ. ತೂಕ ಸ್ವಲ್ಪ ಹೆಚ್ಚಿ, ಎರಡೂ ಕೈ ದೂರ ದೂರ ಹಿಡಿದರೆ ಆ ನಡುಕ ತಗ್ಗುತ್ತದೆ. ನಿಂತು ತೆಗೆಯುವ ಶಾಟ್‌ಗಳಿಗೆ ಅಷ್ಟು ಸಾಕಾಯಿತು.

ಎರಡನೇ ದಿನ ಲೈಟ್‌ ಜತೆ ಬಂದಿದ್ದ ಸ್ಕ್ರೂ ಕಳೆದುಹೋಯಿತು. ಮನೆಯಲ್ಲಿದ್ದ, ಅದೇ ದಪ್ಪದ್ದೆನಿಸಿದ ಬೋಲ್ಟ್‌ ಹಾಕಿ ಒತ್ತಿ ತಿರುಗಿಸಿದೆ. ಎರಡು ಸುತ್ತು ಹೋಯಿತು, ಕೂತಿತು ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಲೈಟ್‌ ಕೆಳಗೆ ಬಿದ್ದು ಚೂರಾಯಿತು. ಒಂಬೈನೂರು ರೂಪಾಯಿ ನೆಲದ ಮೇಲೆ!

ಲೇತ್‌ ಅಂಗಡಿಯ ಅಣ್ಣ ಬೋಲ್ಟ್‌ ನೋಡಿ ನಕ್ಕರು. ‘ಇದು ಆರು ಎಂಎಂದು. ನಿಮ್ದು ಕಾಲಿಂಚು. ಥ್ರೆಡ್ಡೇ ಬೇರೆ ಕಣಪ್ಪ’ ಎಂದರು. ಟ್ರೈಪಾಡ್‌, ಕೇಜ್‌, ಲೈಟ್‌ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಾಗಿ ಇರುವುದು 1/4 ಇಂಚಿನ, ಇಂಚಿಗೆ 20 ಸುತ್ತಿನ ಥ್ರೆಡ್‌. ದೊಡ್ಡ ಸಾಮಾನಿಗೆ 3/8 ಇಂಚಿನದು. ಇದು ಒಂದು ಕಂಪನಿಯ ಸೊತ್ತಲ್ಲ. ಹಾಗಾಗಿ ಒಂದು ಕಡೆ ಕೊಂಡ ಹಿಡಿಕೆ ಇನ್ನೊಂದು ಕಂಪನಿಯ ಕೇಜ್‌ಗೂ ಕೂರುತ್ತದೆ. ನಾಳೆ ಮೊಬೈಲ್‌ ಬದಲಾಗಿ ಕ್ಯಾಮೆರಾ ಬಂದರೂ ಹಳೆಯ ಹಿಡಿಕೆ, ಲೈಟ್‌ ದಂಡವಾಗುವುದಿಲ್ಲ. ನಾನು ಹಾಳುಮಾಡಿದ್ದು ಒಂದು ತೂತನ್ನು ಮಾತ್ರ. ಕೇಜ್‌ನಲ್ಲಿ ಇನ್ನೂ ಹತ್ತಾರಿದ್ದವು.

ನಡೆಯುವಾಗಿನ ಕುಲುಕಾಟವನ್ನು ಮಾತ್ರ ಕೇಜ್‌ ತಡೆಯಲಿಲ್ಲ. ಆಗ ನೆನಪಾದದ್ದು ಫ್ರಾನ್ಸ್‌ನ ಗೊದಾರ್ದ್‌. 1960ರಲ್ಲಿ ತೆರೆಕಂಡ ‘ಬ್ರೆತ್‌ಲೆಸ್‌’ಗಾಗಿ ಅವರು ಛಾಯಾಗ್ರಾಹಕ ರಾವುಲ್‌ ಕುತಾರ್‌ರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಸಿದ್ದರು. ನಾವು ಕೊಬ್ಬರಿ ಒಣಗಿಸುವ ಸಿಮೆಂಟ್‌ ಕಣದಲ್ಲಿ ತಳ್ಳುಗಾಡಿ ಬಳಸಿದೆವು. ಗಾಡಿ ತಳ್ಳಿದವನಿಗೆ ಸಂಬಳ ಒಂದು ಮಸಾಲೆ ದೋಸೆ. ಶಾನ್‌ ಬೇಕರ್‌ ಅವರ ‘ಟ್ಯಾಂಜರಿನ್‌’ (2015) ಚಿತ್ರೀಕರಣವಾದದ್ದು ಐಫೋನ್‌ 5ಎಸ್‌ನಲ್ಲಿ. ಅವರೂ ಮೊಬೈಲ್‌ಗೆ ಬೇರೆ ಲೆನ್ಸ್‌ ಅಡಾಪ್ಟರ್‌, ಕೈಯಲ್ಲಿ ಹಿಡಿಯುವ ಸ್ಟೆಬಿಲೈಸರ್‌ ಸೇರಿಸಿಕೊಂಡಿದ್ದರು.

ನೀವೂ ಹೀಗೆ ಶುರು ಮಾಡುವವರಾದರೆ ನನ್ನ ಅನುಭವದ ಮಾತು: ಮೊದಲು ಮೈಕ್‌ ಕೊಳ್ಳಿ. ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಆಮೇಲೆ ಕೇಜ್‌, ಕೊನೆಗೆ ಲೈಟ್‌. ಹಗಲು ಕಿಟಕಿ ಬೆಳಕು ಪುಕ್ಕಟೆ. ವರ್ಷಕ್ಕೆ ಎರಡು ಸಲ ಬೇಕಾಗುವುದನ್ನು ಬಾಡಿಗೆಗೆ ತನ್ನಿ. ಕೊಳ್ಳುವ ಮುನ್ನ ಥ್ರೆಡ್‌ ಯಾವುದೆಂದು ಕೇಳಿ. ಎರಡು ಕಾಲಿಂಚಿನ ಸ್ಕ್ರೂ ಸದಾ ಜೇಬಿನಲ್ಲಿರಲಿ.

ನಮ್ಮ ಕಿರುಚಿತ್ರಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ. ಆದರೆ ಅದನ್ನು ನೋಡಿದ ಪರಿಚಯದವರೊಬ್ಬರು ಮಗುವಿನ ನಾಮಕರಣಕ್ಕೆ ಕರೆದು ಎರಡು ಸಾವಿರ ಕೊಟ್ಟರು. ಬೇಕರಿಯ ಓಪನಿಂಗ್‌ನಿಂದ ಮೂರು ಸಾವಿರ ಬಂತು. ಕಂತಿಗೆ ಎರಡು ದಿನ ಇರುವಾಗ ಅಮ್ಮನ ಕೈಗೆ ಐದು ಸಾವಿರ ಇಟ್ಟೆ. ಎಣಿಸಿ ಡಬ್ಬಿಗೆ ಹಾಕುತ್ತಾ, ‘ಮುಂದಿನ ಸಲ ಆ ಲೈಟು ಗಟ್ಟಿಯಾಗಿ ಕಟ್ಟು’ ಎಂದರು. ಕೆಲಸಕ್ಕೆ ಅರ್ಜಿ ಹಾಕುವುದನ್ನು ಬಿಟ್ಟಿಲ್ಲ. ಆದರೆ ಈಗ ‘ಏನ್ ಮಾಡ್ತಿದ್ದೀಯಾ?’ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುವುದಿಲ್ಲ.