ನಲವತ್ತು ಕಿಲೋಬೈಟ್‌ಗಳ ಲೋಕ

ಹೊಸ ಗೇಮ್ ಕನ್ಸೋಲ್ ಮಾರುಕಟ್ಟೆಗೆ ಬಂದಾಗಲೆಲ್ಲ ಅದರ ಪ್ರೊಸೆಸರಿನ ವೇಗ, ಮೆಮೊರಿಯ ಗಾತ್ರ, ಚಿತ್ರದ ಸ್ಪಷ್ಟತೆಗಳ ಪ್ರಚಾರವೇ ಮುಂದಾಗುತ್ತದೆಯಾದರೂ, ಒಂದು ತಲೆಮಾರಿನ ಯಂತ್ರವನ್ನು ಜನರ ನೆನಪಿನಲ್ಲಿ ಉಳಿಸುವುದು ಅದರ ಇತಿಮಿತಿಗಳನ್ನು ಒಳಹೊಕ್ಕು ಅರಿತವರು ರೂಪಿಸಿದ ಒಂದೆರಡು ಆಟಗಳು ಮಾತ್ರ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರಕ್ಕಾಗಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ 1985ರಲ್ಲಿ ವಿನ್ಯಾಸಗೊಳಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ ಇದಕ್ಕೆ ಅತ್ಯುತ್ತಮ ನಿದರ್ಶನ. ಇಡೀ ಆಟದ ಗಾತ್ರ ಕೇವಲ 40 ಕಿಲೋಬೈಟ್. ಅದರಲ್ಲಿ 32 ಕಿಲೋಬೈಟ್ ಪ್ರೋಗ್ರಾಮಿಗೆ, ಉಳಿದ 8 ಕಿಲೋಬೈಟ್ ಚಿತ್ರಗಳಿಗೆ ಮೀಸಲು.

ಫ್ಯಾಮಿಕಾಮ್‌ನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳಿದ್ದು, ಪ್ರತಿ ಚುಕ್ಕೆಗೆ ಎರಡು ಬಿಟ್‌ಗಳಂತೆ ಲೆಕ್ಕ ಹಾಕಿದರೆ ಒಂದೇ ಒಂದು ಪೂರ್ಣ ದೃಶ್ಯಕ್ಕೆ 15,360 ಬೈಟ್ ಬೇಕಾಗುತ್ತದೆ, ಅಂದರೆ ಆಟದ ಎಲ್ಲ ಚಿತ್ರಗಳಿಗೆ ಇರುವ ಜಾಗದ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಯಂತ್ರವು ದೃಶ್ಯವನ್ನು ಇಡಿಯಾಗಿ ಕೂಡಿಡದೆ, ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ‘ಟೈಲ್’ ಎಂಬ ಚೌಕಗಳನ್ನು ಜೋಡಿಸಿ ಕಟ್ಟುತ್ತದೆ. ಹಳೆಯ ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು ಜೋಡಿಸಿ ಪುಟ ಕಟ್ಟುತ್ತಿದ್ದ ಕ್ರಮವೇ ಇದು: ಹಿನ್ನೆಲೆಗೆ 256, ಪಾತ್ರಗಳಿಗೆ 256 ಮೊಳೆಗಳು, ಯಾವ ಮನೆಗೆ ಯಾವ ಮೊಳೆ ಎಂಬ ಪಟ್ಟಿಯಷ್ಟೇ ಮೆಮೊರಿಯಲ್ಲಿರುತ್ತದೆ, ಬಣ್ಣವನ್ನು ಶಾಯಿಯಂತೆ ಬೇರೆಯಾಗಿ ಹಚ್ಚಲಾಗುತ್ತದೆ. ಮಾರಿಯೋನ ಆಕಾಶದಲ್ಲಿ ತೇಲುವ ಬಿಳಿಯ ಮೋಡವೂ ನೆಲದ ಮೇಲಿನ ಹಸಿರು ಪೊದೆಯೂ ಆಕಾರದಲ್ಲಿ ಒಂದೇ ಆಗಿರುವುದು ಈ ಕಾರಣದಿಂದ. ಅಣಬೆಯಂಥ ಗೂಂಬಾ ಎಂಬ ಶತ್ರುವಿಗಂತೂ ನಡಿಗೆಯ ಎರಡನೆಯ ಚಿತ್ರವೇ ಇಲ್ಲ. ಒಂದೇ ಚಿತ್ರವನ್ನು ಎಡಬಲಕ್ಕೆ ತಿರುಗಿಸುತ್ತ ಹೋದರೆ ಅದು ಕಾಲೆತ್ತಿಡುವಂತೆ ತೋರುತ್ತದೆ.

ದೃಶ್ಯ ಸರಾಗವಾಗಿ ಸರಿಯುವ ಬಗೆಯೂ ಅಷ್ಟೇ ಸೊಗಸಾದದ್ದು. ಚಿತ್ರಮೆಮೊರಿಯಲ್ಲಿ ಎರಡು ಪರದೆಗಳಷ್ಟು ಜಾಗವಿದ್ದು, ಮಾರಿಯೋ ಬಲಕ್ಕೆ ಓಡುತ್ತಿರುವಾಗ ಕಣ್ಣಿಗೆ ಕಾಣದ ಭಾಗದಲ್ಲಿ ಮುಂದಿನ ದೃಶ್ಯವನ್ನು ಕಂಬಸಾಲಾಗಿ ಬರೆಯುತ್ತ, ಹಿಂದೆ ಸರಿದುಹೋದ ಭಾಗವನ್ನು ಅಳಿಸುತ್ತ ಪ್ರೋಗ್ರಾಮು ಸಾಗುತ್ತದೆ. ಪರದೆಯಿಂದ ಮರೆಯಾದ ಜಾಗಕ್ಕೆ ಆಟಗಾರ ಮರಳುವಂತಿಲ್ಲವಾದ್ದರಿಂದ, ಅಲ್ಲಿ ಒಡೆದ ಇಟ್ಟಿಗೆಗಳ ಲೆಕ್ಕವನ್ನು ಯಂತ್ರದ 2 ಕಿಲೋಬೈಟ್ ಮೆಮೊರಿಯಲ್ಲಿ ಕಾಪಿಡುವ ಹೊರೆಯೂ ತಪ್ಪುತ್ತದೆ.

ಇದಕ್ಕೂ ಹಿಂದಿನ ತಲೆಮಾರಿನ ಅಟಾರಿ 2600ರಲ್ಲಿ ಇದ್ದದ್ದು ಬರೀ 128 ಬೈಟ್ ಮೆಮೊರಿ. ಆ ಕನ್ಸೋಲನ್ನು ಮನೆಮನೆಗೆ ಕೊಂಡೊಯ್ದ ‘ಸ್ಪೇಸ್ ಇನ್ವೇಡರ್ಸ್’ನ ಮೂಲರೂಪವನ್ನು ತೊಮೊಹಿರೊ ನಿಶಿಕಾಡೊ 1978ರಲ್ಲಿ ಆರ್ಕೇಡ್ ಯಂತ್ರಕ್ಕಾಗಿ ರಚಿಸಿದ್ದರು. ಅನ್ಯಗ್ರಹದ ಶತ್ರುಗಳು ಸತ್ತಂತೆಲ್ಲ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ ಉಳಿದವು ವೇಗವಾಗಿ ಚಲಿಸತೊಡಗಿದವು. ಪ್ರೊಸೆಸರಿನ ಈ ಕುಂದನ್ನು ಆತ ತಿದ್ದದೆ ಉಳಿಸಿಕೊಂಡದ್ದರಿಂದಲೇ ಆಟಕ್ಕೆ ಅದರ ಬಿಸಿ ಬಂತು.

1996ರ ನಿಂಟೆಂಡೊ 64ಕ್ಕೆ ಬಂದ ‘ಸೂಪರ್ ಮಾರಿಯೋ 64’ರ ಎದುರಿಗಿದ್ದ ತೊಡಕು ಬೇರೆಯೇ ಆಗಿತ್ತು. ಮೂರು ಆಯಾಮದ ಲೋಕದಲ್ಲಿ ಎಲ್ಲಿಂದ ನೋಡಬೇಕೆಂಬುದೇ ಪ್ರಶ್ನೆಯಾದಾಗ, ಮೋಡವೇರಿ ಕ್ಯಾಮೆರಾ ಹಿಡಿದು ಹಿಂಬಾಲಿಸುವ ಲಕಿಟು ಎಂಬ ಪಾತ್ರಕ್ಕೆ ಆ ಕೆಲಸ ವಹಿಸಿ, ನೋಟದ ಕೋನವನ್ನು ಬದಲಿಸಲು ಕಂಟ್ರೋಲರಿನಲ್ಲಿ ಪ್ರತ್ಯೇಕ ಗುಂಡಿಗಳನ್ನು ಬಿಟ್ಟುಕೊಡಲಾಯಿತು. ಅದೇ ಕಂಟ್ರೋಲರಿನ ಅನಲಾಗ್ ಕಡ್ಡಿಯನ್ನು ತುಸುವೇ ವಾಲಿಸಿದರೆ ಮಾರಿಯೋ ಬೆಕ್ಕಿನ ಹೆಜ್ಜೆಯಿಡುತ್ತಾನೆ, ಪೂರ್ತಿ ವಾಲಿಸಿದರೆ ಓಡುತ್ತಾನೆ. ಒತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ತಿಳಿಸಬಲ್ಲ ಹಳೆಯ ಗುಂಡಿಗಳಿಂದ ಈ ಹದ ಸಾಧ್ಯವಿರಲಿಲ್ಲ.