ನಿಮ್ಮ ಠೇವಣಿಗೆ ಎಷ್ಟು ರಕ್ಷಣೆ?

ಮುಂಬಯಿಯ ಕನ್ನಡ ಬಾಂಧವರೇ,
ನೀವು ನಂಬಿ ಹಣವಿಟ್ಟ ಬ್ಯಾಂಕು
ನಾಳೆ ಬಾಗಿಲು ಮುಚ್ಚಿದರೆ,
ನಿಮ್ಮ ಕೈಗೆ ಮರಳುವುದೆಷ್ಟು?

2019ರ ಸೆಪ್ಟೆಂಬರಿನಲ್ಲಿ,
ಈ ನಗರದ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ
ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ,
ಖಾತೆಯೊಂದರಿಂದ ಹಿಂಪಡೆಯಲು ಮೊದಲು ದೊರೆತ ಅನುಮತಿ
ಕೇವಲ 1,000 ರೂಪಾಯಿ.

ಬ್ಯಾಂಕು ಮುಚ್ಚಿದರೆ ಠೇವಣಿದಾರರಿಗೆ ಹಣ ಮರಳಿಸುವ ಠೇವಣಿ ವಿಮೆಯ ಮಿತಿ
ಆಗ 1 ಲಕ್ಷ ರೂಪಾಯಿಯಿದ್ದಿತು;
2020ರ ಫೆಬ್ರವರಿಯಿಂದ ಅದು 5 ಲಕ್ಷವಾಯಿತು.

ಈ ವಿಮೆಯು ಮಳೆಗಾಲದ ಕೊಡೆಯಂತೆ:
ಅದರ ಅಗಲದೊಳಗಿರುವುದು ನೆನೆಯದು;
ಹೊರಗುಳಿದುದಕ್ಕೆ ಅದು ಆಸರೆಯಾಗದು.

ಅಂಧೇರಿಯ ಶಾಖೆಯಲ್ಲಿ ಉಳಿತಾಯ ಖಾತೆಯನ್ನೂ,
ಮುಲುಂಡಿನ ಶಾಖೆಯಲ್ಲಿ ಮುದ್ದತು ಠೇವಣಿಯನ್ನೂ ಇರಿಸಿದ್ದರೂ,
ಬ್ಯಾಂಕು ಒಂದೇ ಆಗಿರುವ ತನಕ,
ಅಸಲೂ ಬಡ್ಡಿಯೂ ಕೂಡಿ,
ಒಬ್ಬರ ಹೆಸರಿನ ಹಣಕ್ಕೆ ಸಲ್ಲುವ ರಕ್ಷಣೆ
ಆ 5 ಲಕ್ಷದಷ್ಟೇ.

ಆದರೆ ದಂಪತಿಗಳ ಜಂಟಿ ಖಾತೆಗೆ
ಪ್ರತ್ಯೇಕವಾಗಿ 5 ಲಕ್ಷದ ರಕ್ಷಣೆಯುಂಟು.

ಆದುದರಿಂದ,
ಮಕ್ಕಳ ವಿದ್ಯಾಭ್ಯಾಸಕ್ಕೆಂದೋ, ವೃದ್ಧಾಪ್ಯಕ್ಕೆಂದೋ,
ಹೋಟೆಲಿನ ದುಡಿಮೆಯಿಂದಲೋ, ಕಛೇರಿಯ ಸಂಬಳದಿಂದಲೋ
ಕಷ್ಟಪಟ್ಟು ಕೂಡಿಸಿದ ಧನವು ಮಿತಿಯನ್ನು ಮೀರುವುದಾದರೆ,
ಮಿಕ್ಕುದನ್ನು ಬೇರೊಂದು ಬ್ಯಾಂಕಿನಲ್ಲಿ ಇರಿಸುವುದೇ ವಿವೇಕ.
ಬಡ್ಡಿಗೂ ಸ್ಥಳವಿರಲೆಂದು,
ಅಸಲನ್ನು 5 ಲಕ್ಷಕ್ಕಿಂತ ತುಸು ಕಡಿಮೆಯೇ ಇರಿಸಿರಿ.

ಇನ್ನೊಂದು ಮಾತನ್ನು ಅವಶ್ಯ ನೆನಪಿಡಿರಿ:
ಬಡ್ಡಿ ಹೆಚ್ಚೆಂದು ನಾವು ಹಣವಿಡುವ ಪತಪೇಢಿಗಳಿಗೆ,
ಅಂದರೆ ಸಹಕಾರಿ ಪತ್ತಿನ ಸಂಘಗಳಿಗೆ,
ಈ ವಿಮೆಯು ಅನ್ವಯಿಸುವುದಿಲ್ಲ.

ಇಂದು ರಾತ್ರಿ ಊಟವಾದ ಮೇಲೆ,
ಮನೆಮಂದಿಯೆಲ್ಲ ಕೂಡಿ ಕುಳಿತು,
ಪಾಸ್‌ಬುಕ್ಕುಗಳನ್ನೂ ಠೇವಣಿ ರಸೀದಿಗಳನ್ನೂ ಮುಂದಿಟ್ಟುಕೊಂಡು,
ಒಂದೊಂದು ಬ್ಯಾಂಕಿನಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ
ಒಟ್ಟು ಎಷ್ಟಿದೆಯೆಂಬುದನ್ನು ಲೆಕ್ಕಹಾಕಿ ನೋಡಿರಿ.