ಮದುವೆ ಮುಗಿದ ಮೇಲೆ ಬರುವ ಲಿಂಕು

ಹಿಂದಿನ ಸಂಜೆ ವರಪೂಜೆ, ಆರತಕ್ಷತೆ. ಮರುದಿನ ಕಾಶಿಯಾತ್ರೆ, ಧಾರೆ, ಊಟದ ಪಂಕ್ತಿ. ಇಬ್ಬರು ಛಾಯಾಗ್ರಾಹಕರು ಓಡಾಡಿದ ಮದುವೆಯಲ್ಲಿ ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಒಂದೇ ಭಂಗಿಯಲ್ಲಿ ಹತ್ತು ಸಲ ಹೊಡೆದದ್ದನ್ನೆಲ್ಲ ಕಳೆದ ಮೇಲೂ ಎರಡು ಸಾವಿರ ಫೋಟೊ ಉಳಿಯುವುದು ಮಾಮೂಲು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಫೈಲು ಸುಮಾರು 10 ಎಂಬಿ ಎಂದಿಟ್ಟುಕೊಳ್ಳಿ, ಒಟ್ಟು 20 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡಿರುವ ಹುಡುಗಿಯ ಅಪ್ಪ, ಮೊಬೈಲಿನಲ್ಲಿ ಬೇರೇನೂ ನೋಡದೆ ಅದನ್ನೇ ಇಳಿಸಿಕೊಳ್ಳುತ್ತ ಕೂತರೂ ಎರಡು ವಾರ ಬೇಕು. ಸ್ಟುಡಿಯೊದವರು ರಾತ್ರಿ ಫೈಬರ್ ಸಂಪರ್ಕದಲ್ಲಿ ಅಪ್‌ಲೋಡಿಗೆ ಹಾಕಿ ಮಲಗಿ, ಬೆಳಿಗ್ಗೆ ‘ಲಿಂಕ್ ಕಳಿಸಿದೀನಿ ಸರ್, ನೋಡಿ’ ಎಂದು ಮೆಸೇಜ್ ಹಾಕಿರುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು, ಮದುವೆ ಮನೆಯವರದು ಶುರುವಾಯಿತು.

ಯಾರಿಗೆ ಏನು ಬೇಕು ಎಂದು ಲಿಂಕು ಮಾಡುವ ಮೊದಲು ಕೇಳುವವರು ಕಡಿಮೆ. ಶಿರಸಿಯಲ್ಲಿರುವ ಅಜ್ಜಿಗೆ ಮೊಮ್ಮಗಳ ಮುಖ ಬೆರಳು ತಾಗಿಸಿದೊಡನೆ ಕಾಣಬೇಕು. ರಜೆ ಸಿಗದೆ ನ್ಯೂಜೆರ್ಸಿಯಲ್ಲೇ ಉಳಿದ ಚಿಕ್ಕಪ್ಪನಿಗೂ ಅಷ್ಟು ಸಾಕು. ಮದುಮಕ್ಕಳಿಗೆ ಆಲ್ಬಮ್ಮಿಗೆಂದು ನೂರೈವತ್ತೋ ಇನ್ನೂರೋ ಆರಿಸಿ ಕೊಡುವ ಕೆಲಸವಿದೆ. ಇನ್ನು ಮೂವತ್ತು ವರ್ಷದ ಮೇಲೆ ಯಾರೋ ಹುಡುಕಿದಾಗ ಮೂಲ ಫೈಲು ಸಿಗಬೇಕು. ಇಷ್ಟನ್ನೂ ಒಂದೇ ಲಿಂಕಿನ ತಲೆಗೆ ಕಟ್ಟುವುದರಿಂದಲೇ ಬಹುಪಾಲು ತಕರಾರು ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

ಅಜ್ಜಿಯ ಮಟ್ಟಿಗೆ ವಾಟ್ಸ್‌ಆ್ಯಪ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಅದನ್ನು ಹೀಗಳೆಯುವ ಛಾಯಾಗ್ರಾಹಕರೂ ಇದನ್ನು ಒಪ್ಪಬೇಕು. ತೊಡಕು ಬರುವುದು ಅಲ್ಲಿಂದಲೇ ಆಲ್ಬಮ್ ಮಾಡಿಸಲು ಹೊರಟಾಗ. ಸಾಮಾನ್ಯ ಫೋಟೊವಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದರ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸಿಬಿಡುತ್ತದೆ. ಚೊಕ್ಕ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಲೆಕ್ಕ. ಅಂದರೆ ಐದೂಕಾಲು ಅಂಗುಲ ದಾಟಿದರೆ ಚಿತ್ರ ಮಸುಕು. ನಮ್ಮಲ್ಲಿ ಹೆಚ್ಚು ಓಡುವ ಆಲ್ಬಮ್ಮಿನ ಹಾಳೆ ಬಿಚ್ಚಿದರೆ 12×36 ಅಂಗುಲ. ಅದರ ಒಂದು ಮಗ್ಗುಲು ತುಂಬುವುದಕ್ಕೇ 5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ಲಿನ ಮೂಲದಲ್ಲಿ 6000 ಇರುತ್ತದೆ. 2023ರಲ್ಲಿ ಎಚ್‌ಡಿ ಎಂಬ ಆಯ್ಕೆ ಬಂತು. ಅದೂ ಕುಗ್ಗಿಸುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಫೈಲು ಇದ್ದ ಹಾಗೆಯೇ ಹೋಗುತ್ತದೆ.

ಗುಣಮಟ್ಟಕ್ಕಿಂತ ಹೆಚ್ಚು ಕಾಡುವುದು ಫೈಲಿನ ಹೆಸರು. ಕ್ಯಾಮೆರಾ ಕೊಟ್ಟ ಸಂಖ್ಯೆ ಅಳಿಸಿಹೋಗಿ, ಫೋನಿಗೆ ಇಳಿಯುವಾಗ ತಾರೀಖಿನ ಮುಂದೆ ಡಬ್ಲ್ಯುಎ ಎಂದು ಅಂಟಿಸಿಕೊಂಡ ಹೊಸ ಸಂಖ್ಯೆ ಬಂದಿರುತ್ತದೆ. ಮದುಮಗಳು ಆಸ್ಥೆಯಿಂದ ಆರಿಸಿ ವಾಪಸು ಕಳಿಸಿದ ಇನ್ನೂರು ಫೋಟೊಗಳ ಮೂಲ ಯಾವುದೆಂದು ಸ್ಟುಡಿಯೊದ ಹುಡುಗ ಎರಡು ಸಾವಿರದ ನಡುವೆ ಕಣ್ಣಳತೆಯಲ್ಲಿ ಹುಡುಕಬೇಕು. ಆಲ್ಬಮ್ ತಡವಾಗುವುದಕ್ಕೆ ಇಂಥ ಕಾರಣಗಳೂ ಇರುತ್ತವೆ. ಬೈಗುಳ ಮಾತ್ರ ಡಿಸೈನರಿಗೆ.

ಹಾಗಾದರೆ ಗೂಗಲ್ ಡ್ರೈವ್? ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೂ ಜಿಮೇಲ್ ಮತ್ತು ಗೂಗಲ್ ಫೋಟೋಸ್ ಪಾಲುದಾರರು. ದುಡ್ಡು ಕೊಟ್ಟು ಜಾಗ ಕೊಂಡ ಸ್ಟುಡಿಯೊದವರು ಫೋಲ್ಡರ್ ಹಂಚಿದರೂ, ಒಟ್ಟಿಗೆ ಇಳಿಸಿಕೊಳ್ಳಲು ಹೋದವರಿಗೆ ಅದು 2 ಜಿಬಿಯ ಝಿಪ್ ಕಟ್ಟುಗಳಾಗಿ ಒಡೆದು ಬರುತ್ತದೆ. ಹತ್ತರಲ್ಲಿ ಏಳು ಇಳಿದು ಎಂಟನೆಯದು ಅರ್ಧಕ್ಕೆ ನಿಂತರೆ ಧಾರೆಯ ಫೋಟೊಗಳೇ ಕಾಣೆ ಎಂಬ ಗಾಬರಿ. ಲಿಂಕು ಇದ್ದವರೆಲ್ಲ ನೋಡಬಹುದು ಎಂದು ತೆರೆದಿಟ್ಟ ಫೋಲ್ಡರ್ ಮನೆತನದ ಗ್ರೂಪಿನಿಂದ ಬೀಗರ ಗ್ರೂಪಿಗೆ, ಅಲ್ಲಿಂದ ಕಚೇರಿಯ ಗ್ರೂಪಿಗೆ ಹಾರಿರುತ್ತದೆ. ಅರಿಶಿನದ ಶಾಸ್ತ್ರದ ಫೋಟೊ ಯಾರ ಯಾರ ಫೋನಿನಲ್ಲಿದೆ ಎಂದು ಆಮೇಲೆ ಹೇಳುವವರಿಲ್ಲ.

ವಿಟ್ರಾನ್ಸ್‌ಫರ್‌ನಂಥವು ಕಳಿಸುವುದಕ್ಕಷ್ಟೇ, ಉಚಿತ ಲಿಂಕಿನ ಆಯುಸ್ಸು ಕೆಲವೇ ದಿನ. 2020ರ ಮೇ ಕೊನೆಯಲ್ಲಿ ದೂರಸಂಪರ್ಕ ಇಲಾಖೆಯ ಆದೇಶದಿಂದ ಆ ತಾಣವೇ ಭಾರತದಲ್ಲಿ ತೆರೆಯದಂತಾಗಿತ್ತು. ಮದುವೆ ಮನೆಯ ಏಕೈಕ ಪ್ರತಿಯನ್ನು ಅಂಥ ಕಡೆ ಇಡುವುದು ಧೈರ್ಯವಲ್ಲ, ಉಡಾಫೆ.

ಛಾಯಾಗ್ರಾಹಕರಿಗೆಂದೇ ಮಾಡಿದ ಗ್ಯಾಲರಿ ಸೇವೆಗಳು ಬೇರೆಯೇ ಜಾತಿ. ಅಮೆರಿಕದ ಸ್ಮಗ್‌ಮಗ್ 2002ರಿಂದ ಇದೆ. ಕೆನಡಾದ ವ್ಯಾಂಕೂವರಿನ ಪಿಕ್ಸಿಸೆಟ್ ಇಲ್ಲಿಯೂ ಅನೇಕ ಕ್ಯಾಂಡಿಡ್ ಸ್ಟುಡಿಯೊಗಳ ಕೈಯಲ್ಲಿದೆ. ನೋಡಲು ಚೆಂದ, ಪಾಸ್‌ವರ್ಡ್ ಹಾಕಬಹುದು, ಬ್ಯಾಲೆನ್ಸ್ ಬರುವ ತನಕ ಡೌನ್‌ಲೋಡ್ ತಡೆಹಿಡಿಯಬಹುದು. ನನ್ನ ಲೆಕ್ಕದಲ್ಲಿ ಇವುಗಳ ನಿಜವಾದ ಬೆಲೆ ಇರುವುದು ಹೃದಯದ ಗುರುತಿನಲ್ಲಿ. ಮದುಮಕ್ಕಳು ಇಷ್ಟವಾದದ್ದನ್ನು ಒತ್ತುತ್ತ ಹೋದರೆ ಸ್ಟುಡಿಯೊಗೆ ಮೂಲ ಫೈಲುಗಳ ಹೆಸರಿನ ಪಟ್ಟಿಯೇ ಸಿಗುತ್ತದೆ. ಆ ಹುಡುಗನ ಕಣ್ಣು ಉಳಿಯಿತು.

ಆದರೆ ಈ ಸೇವೆಗಳು ಹುಟ್ಟಿದ್ದು ಅಲ್ಲಿಯ ವ್ಯಾಪಾರಕ್ಕೆ. ಅಮೆರಿಕದಲ್ಲಿ ಬೇರೆ ಕರಾರು ಇಲ್ಲದಿದ್ದರೆ ಫೋಟೊದ ಹಕ್ಕು ತೆಗೆದವನದು. ಗ್ಯಾಲರಿಯಲ್ಲೇ ಅಂಗಡಿ ತೆರೆದು ನೆಂಟರಿಷ್ಟರಿಗೆ ಪ್ರಿಂಟು ಮಾರುವುದು ಅವರ ರೂಢಿ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಇದಕ್ಕೆ ತದ್ವಿರುದ್ಧ: ಹಣ ಕೊಟ್ಟು ತೆಗೆಸಿದ ಫೋಟೊಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನೇ ಮೊದಲ ಹಕ್ಕುದಾರ. ಇದು ಗೊತ್ತಿಲ್ಲದೆ ಎರಡೂ ಕಡೆಯವರು ಜಗಳಕ್ಕೆ ನಿಲ್ಲುವುದುಂಟು. ಮದುಮಗಳ ಫೋಟೊವನ್ನು ಸ್ಟುಡಿಯೊದವರು ಇನ್‌ಸ್ಟಾಗ್ರಾಮಿಗೆ ಹಾಕಿಕೊಳ್ಳಬೇಕೆಂದರೆ ಆ ಮಾತು ಅಡ್ವಾನ್ಸ್ ಕೊಡುವ ದಿನವೇ ಕಾಗದದ ಮೇಲೆ ಬರಬೇಕು. ಪ್ರತಿ ಫೋಟೊದ ಎದೆಗೆ ಅಡ್ಡಲಾಗಿ ಸ್ಟುಡಿಯೊ ಹೆಸರು ಬಳಿದು ಕೊಡುವವರಿಗೂ ಈ ಸೆಕ್ಷನ್ ಒಮ್ಮೆ ಓದಿಸಬೇಕು.

ಈಚೆಗೆ ಛತ್ರದ ಬಾಗಿಲಲ್ಲೇ ಕ್ಯೂಆರ್ ಕೋಡ್ ನಿಲ್ಲಿಸುತ್ತಾರೆ. ಸ್ಕ್ಯಾನ್ ಮಾಡಿ ಒಂದು ಸೆಲ್ಫಿ ಕೊಟ್ಟರೆ ನೀವಿರುವ ಫೋಟೊಗಳಷ್ಟೇ ನಿಮ್ಮ ಮೊಬೈಲಿಗೆ ಬರುತ್ತವೆ. ಅನುಕೂಲ ದೊಡ್ಡದೇ. ‘ನಮ್ಮ ಫೋಟೊ ಕಳಿಸೇ ಇಲ್ವಲ್ಲೋ’ ಎಂಬ ಸೋದರತ್ತೆಯ ದೂರಿಗೆ ಜಾಗವೇ ಇಲ್ಲ. ಆದರೆ ಇದು ನಡೆಯಬೇಕಾದರೆ ಛತ್ರಕ್ಕೆ ಬಂದ ಪ್ರತಿಯೊಬ್ಬರ ಮುಖವನ್ನೂ, ಮಕ್ಕಳದ್ದೂ ಸೇರಿ, ಯಾವುದೋ ಕಂಪನಿಯ ಸರ್ವರ್ ಅಳೆದು ಇಟ್ಟುಕೊಂಡಿರಬೇಕು. ಅಕ್ಷತೆ ಹಾಕಲು ಬಂದವರನ್ನು ಈ ಬಗ್ಗೆ ಕೇಳಿದವರಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಬೇಕೆನ್ನುತ್ತದೆ, 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿವೆ. ನಮ್ಮ ಮನೆಯ ಮದುವೆಯಾದರೆ ನಾನು ಆ ಬೋರ್ಡು ಬೇಡ ಎನ್ನುತ್ತೇನೆ. ಅತ್ತೆಗೆ ನಾನೇ ಹುಡುಕಿ ಕಳಿಸಿದರಾಯಿತು.

ಉಳಿಸಿಕೊಳ್ಳುವ ಮಾತಿಗೆ ಬಂದರೆ ಯಾವ ಕಂಪನಿಯ ಔದಾರ್ಯವನ್ನೂ ನೆಚ್ಚುವ ಹಾಗಿಲ್ಲ. 2013ರಲ್ಲಿ ಒಂದು ಟಿಬಿ ಉಚಿತ ಎಂದಿದ್ದ ಫ್ಲಿಕರ್, ಸ್ಮಗ್‌ಮಗ್ ಕೈಗೆ ಹೋದ 2018ರಲ್ಲೇ ಉಚಿತ ಖಾತೆಗೆ ಸಾವಿರ ಫೋಟೊಗಳ ಮಿತಿ ಘೋಷಿಸಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಅಳಿಸಿಹಾಕುವ ನಿಯಮವೂ ಈಗ ಇದೆ.

ಹಾಗಾಗಿ ನಾನು ಹೇಳುವುದು ಹಳೆಯ ಕಾಲದ ಮಾತಿನಂತೆ ಕೇಳಬಹುದು. ಗ್ಯಾಲರಿಗೆ ಉದ್ದದ ಬದಿ 2048 ಪಿಕ್ಸೆಲ್ ಇರುವ ಸಣ್ಣ ಪ್ರತಿಗಳು ಸಾಕು. ಒಂದೊಂದೂ ಒಂದು ಎಂಬಿಯ ಒಳಗೇ ಇರುವುದರಿಂದ ಇಡೀ ಮದುವೆ ಎರಡು ಜಿಬಿಯಲ್ಲಿ ಮುಗಿಯುತ್ತದೆ. ಅಜ್ಜಿಯ ಫೋನೂ ತಾಳಿಕೊಳ್ಳುತ್ತದೆ. ಆರಿಸುವ ಕೆಲಸವೂ ಅಲ್ಲೇ ಆಗಲಿ. ದೊಡ್ಡ ಫೈಲುಗಳು ಮಾತ್ರ ಕೈಯಿಂದ ಕೈಗೆ ದಾಟಲಿ: ಒಂದು ಹಾರ್ಡ್ ಡಿಸ್ಕು ಗಂಡಿನ ಮನೆಗೆ, ಒಂದು ಹೆಣ್ಣಿನ ಮನೆಗೆ. ಗ್ಯಾಲರಿ ಯಾವಾಗ ಮುಚ್ಚುತ್ತದೆ, ಸ್ಟುಡಿಯೊ ತನ್ನ ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂಬ ಎರಡು ಸಾಲು ರಸೀದಿಯ ಬೆನ್ನಿಗಾದರೂ ಬರೆಸಿಕೊಳ್ಳಿ. ಪೆನ್‌ಡ್ರೈವ್ ಕೊಡುವುದಾದರೆ ಅದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿರಲಿ. ಹಳೆಯ ಫ್ಯಾಟ್32 ಆದರೆ ನಾಲ್ಕು ಜಿಬಿ ಮೀರಿದ ಮದುವೆ ವಿಡಿಯೊ ಅದರಲ್ಲಿ ಕೂರುವುದಿಲ್ಲ. ಮನೆಯ ಟಿವಿ ಎಕ್ಸ್‌ಫ್ಯಾಟ್ ಓದದಷ್ಟು ಹಳತಾಗಿದ್ದರೆ, ವಿಡಿಯೊವನ್ನು ಧಾರೆಯವರೆಗೆ ಒಂದು, ಆಮೇಲಿನದು ಒಂದು ಎಂದು ತುಂಡು ಮಾಡಿ ಕೊಡಲು ಸ್ಟುಡಿಯೊದವರಿಗೇ ಹೇಳಿ.